ವೀರಭದ್ರಮ್ಮ ರುಚಿ ನೋಡಿದ್ದು

ತೆಕ್ಕಲಕೋಟೆಯ ವೀರಭದ್ರಮ್ಮ ಬಳ್ಳಾರಿಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಮದುವೆಯಾದ ಮರುವರ್ಷವೇ ಗಂಡ ತೀರಿಕೊಂಡಾಗ ಆಕೆಗೆ ಇನ್ನೂ ಹತ್ತೊಂಬತ್ತು. ತವರಿನಲ್ಲಿ ಹತ್ತಿ ಬಿಡಿಸಿಕೊಂಡು, ಪೂಜೆ ಮಾಡಿಕೊಂಡು ಇರಲಿ ಎಂಬುದು ಅಣ್ಣ ಮರಿಬಸಪ್ಪನ ಮಾತು. ಅದಕ್ಕೆ ಒಪ್ಪದವನು ಆಕೆಯ ಗಂಡನ ತಂದೆ ಹಾಲಸಿದ್ದಪ್ಪ. "ಕೂಸು ಎತ್ತಿಕೊಳ್ಳೋ ಕೆಲಸ, ಅದರಾಗ ತಪ್ಪೇನೈತಿ?" ಎಂದು ತಾನೇ ಬಸ್ಸಿನಲ್ಲಿ ಕರೆತಂದು ನರ್ಸಿಂಗ್ ಶಾಲೆಗೆ ಸೇರಿಸಿ ಹೋದ.

ಆಕೆ ಕೆಲಸಕ್ಕೆ ಸೇರಿದಾಗ ಆಸ್ಪತ್ರೆಯ ಮೇಟ್ರನ್ ಆಗಿದ್ದವರು ರಾಹೇಲಮ್ಮ. ಗುಂತಕಲ್ಲಿನ ಕ್ರೈಸ್ತರು, ಮದುವೆಯಾಗಿರಲಿಲ್ಲ, ಕಂಟೋನ್ಮೆಂಟಿನ ಹಳೇ ಹೆಂಚಿನ ಮನೆಯಲ್ಲಿ ಒಬ್ಬರೇ ಇದ್ದರು. ಹಾಸಿಗೆಯ ಬಟ್ಟೆಯಲ್ಲಿ ಸುಕ್ಕು ಕಂಡರೆ ಇಡೀ ವಾರ್ಡಿಗೆ ಕೇಳುವಂತೆ ತೆಲುಗಿನಲ್ಲಿ ಬೈಯುತ್ತಿದ್ದರು. ಪ್ರತಿ ಕ್ರಿಸ್‌ಮಸ್ಸಿಗೆ ಪಿಂಗಾಣಿ ಜಾಡಿಗಳಲ್ಲಿ ಹಣ್ಣು ಕೊಳೆಹಾಕಿ ವೈನು ಮಾಡುವುದು ಅವರ ಒಂದೇ ಶೋಕಿ. ೧೯೭೧ರಲ್ಲಿ ನಿವೃತ್ತರಾಗಿ ತಮ್ಮನ ಮನೆಗೆ ಹೊರಟಾಗ ಹಲವು ವರ್ಷಗಳ ಸೀಸೆಗಳು ಉಳಿದಿದ್ದವು. ರೈಲಿನಲ್ಲಿ ಒಯ್ಯುವ ಹಾಗಿಲ್ಲ, ಚೆಲ್ಲಲು ಮನಸ್ಸಿಲ್ಲ. ತಮಗೆ ಬೇಕಾದ ಮೂವರನ್ನು ಭಾನುವಾರದ ಊಟಕ್ಕೆ ಕರೆದರು: ವೀರಭದ್ರಮ್ಮ, ಆಕೆಗಿಂತ ಕಿರಿಯ ನರ್ಸ್ ಸುಂಕಮ್ಮ, ಕಾಂಪೌಂಡರ್ ವೆಂಕಣ್ಣ.

ವೀರಭದ್ರಮ್ಮ ಕೊರಳಲ್ಲಿ ಲಿಂಗ ಇದ್ದವಳು, ಮೊಟ್ಟೆ ಸಹ ಮುಟ್ಟಿದವಳಲ್ಲ. ಬಾಗಿಲಲ್ಲೇ ಹಿಂದೆಮುಂದೆ ನೋಡುತ್ತಿದ್ದಾಗ ರಾಹೇಲಮ್ಮ ಕೈಹಿಡಿದು ಅಡುಗೆಮನೆಗೆ ಕರೆದೊಯ್ದರು.

"ನಿನಗಂತನೇ ಹೊಸ ಪಾತ್ರಿ ತಂದೀನಮ್ಮಾ. ರೊಟ್ಟಿ, ಬದನಿಕಾಯಿ ಪಲ್ಯ ಬ್ಯಾರೆ ಒಲಿಮ್ಯಾಲೆ ಮಾಡೀನಿ. ಸೀಸೆ ಮುಟ್ಟೋದು ಬಿಡೋದು ನಿನ್ನ ಇಷ್ಟ."

ಊಟಕ್ಕೆ ಮೊದಲು ಐದು ಸೀಸೆ ಮೇಜಿಗೆ ಬಂದವು. ಗುಟುಕು ಗುಟುಕಾಗಿ ಸುರಿಯಲು ರಾಹೇಲಮ್ಮ ಔಷಧಿ ಅಳೆಯುವ ಗ್ಲಾಸುಗಳನ್ನೇ ಇಟ್ಟಿದ್ದರು. ಮೊದಲನೆಯದು ಶುಂಠಿಯದು. ಮೂಸಿ ನೋಡಿದ ವೆಂಕಣ್ಣ, "ಇದು ನಾನೇ ಕೊಡೋ ಕೆಮ್ಮಿನ ಔಷಧಿ ಅಲ್ಲೇನ್ರೀ?" ಎಂದ. ಎಲ್ಲರೂ ಕುಡಿದರು. ವೀರಭದ್ರಮ್ಮ ತನ್ನ ಗ್ಲಾಸನ್ನು ಸುಮ್ಮನೆ ನೋಡುತ್ತ ಕೂತಿದ್ದಳು. ಯಾರೂ ಒತ್ತಾಯ ಮಾಡಲಿಲ್ಲ. ಆಮೇಲೆ ತಾನಾಗಿಯೇ ಎತ್ತಿ ಬಾಯಿಗಿಟ್ಟಳು. ಗಂಟಲು ಸುಟ್ಟು ಕಣ್ಣಲ್ಲಿ ನೀರು ಬಂತು.

ಎರಡನೆಯದು ಕಪ್ಪು ದ್ರಾಕ್ಷಿಯದು, ಪಾಯಸದಷ್ಟು ಸಿಹಿ. ಮೂರನೆಯದು ನೇರಳೆ ಹಣ್ಣಿನದು. ಮೊದಲು ನಾಲಗೆಯನ್ನು ಒಗರಾಗಿ ಎಳೆದು, ನುಂಗಿದ ಮೇಲೆ ನಿಧಾನವಾಗಿ ಸಿಹಿ ಬಿಡುತ್ತಿತ್ತು. ವೀರಭದ್ರಮ್ಮ ಅದನ್ನೇ ಇನ್ನೊಂದು ಗುಟುಕು ಕೇಳಿದಳು. ನಾಲ್ಕನೆಯದು ಒಣದ್ರಾಕ್ಷಿ, ಗೋಧಿ ಹಾಕಿ ಮಾಡಿದ್ದು, ಎಲ್ಲದಕ್ಕಿಂತ ಹಳೆಯದು, ವೆಂಕಣ್ಣನ ಮಾತು ನಿಲ್ಲಿಸಿದ್ದು ಅದೊಂದೇ. ಕೊನೆಯ ದಾಳಿಂಬೆಯದು ಪೂರಾ ಹುಳಿಯಾಗಿಹೋಗಿತ್ತು. ಮಾಡಿದ ರಾಹೇಲಮ್ಮನವರೇ ಮುಖ ಹಿಂಡಿದ್ದು ಕಂಡು ವೀರಭದ್ರಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು, ಕುರ್ಚಿ ಅಲುಗಾಡುವಂತೆ ನಕ್ಕಳು. ಆಕೆ ಹಾಗೆ ನಕ್ಕದ್ದನ್ನು ಸುಂಕಮ್ಮ ಅದುವರೆಗೆ ನೋಡಿರಲಿಲ್ಲ.

ಆ ಸಂತೋಷವೇ ಮುಂದಿನದಕ್ಕೆ ಕಾರಣವಾಯಿತು. ಸುಂಕಮ್ಮ ರಜೆ ಮೇಲೆ ತನ್ನೂರು ರಾರಾವಿಗೆ ಹೊರಟಾಗ ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಮರಿಬಸಪ್ಪನ ಹೆಂಡತಿ ಅಕ್ಕನಾಗಮ್ಮ ಸಿಕ್ಕಳು. ನಾದಿನಿ ಹೆಂಗದಾಳ ಎಂದು ಕೇಳಿದಳು. ಸುಂಕಮ್ಮ ಮುಚ್ಚುಮರೆಯಿಲ್ಲದೆ ಭಾನುವಾರದ ಊಟ, ಐದು ಸೀಸೆ, ವೀರಭದ್ರಮ್ಮನ ನಗು ಎಲ್ಲವನ್ನೂ ಹೇಳಿಬಿಟ್ಟಳು.

ಮುಂದಿನ ವಾರ ಮರಿಬಸಪ್ಪ ತಂಗಿಯ ಕ್ವಾರ್ಟರ್ಸಿಗೆ ಬಂದ. ಕೂರಲಿಲ್ಲ.

"ಮೇಟ್ರನ್ ಮನ್ಯಾಗ ಕುಡಿದಿ ಅಂತ. ಖರೇನಾ?"

ಇಲ್ಲ ಎಂದಿದ್ದರೆ ಆತ ನಂಬಲು ತಯಾರಾಗಿಯೇ ಬಂದಿದ್ದ. ವೀರಭದ್ರಮ್ಮನಿಗೂ ಅದು ಗೊತ್ತಾಯಿತು.

"ರುಚಿ ನೋಡೀನಿ ಅಣ್ಣಾ. ಐದು ಥರದ್ದು."

"ಯಾರ್‍ಯಾರು ಕುಂತಿದ್ರಿ?"

"ರಾಹೇಲಮ್ಮೋರು, ವೆಂಕಣ್ಣ, ಸುಂಕಮ್ಮ."

"ರಾರಾವಿ ಊರಹೊರಗಿನ ಕೇರಿಯಾಕಿ ಜೋಡಿ? ಒಂದ ಮೇಜಿಗೆ ಉಂಡಿ?"

ಆತನ ದನಿ ಏರಿದ್ದು ಆಗಲೇ. ವೀರಭದ್ರಮ್ಮ ಅಣ್ಣನ ಮುಖ ನೋಡಿದಳು. "ಕುಡಿದದ್ದು ಸಣ್ಣದಾತೇನು ಈಗ? ಅಕಿ ಜೋಡಿ ದಿನಾ ಡ್ಯೂಟಿ ಮಾಡ್ತೀನಿ. ಎಷ್ಟೋ ಸಲ ಒಂದ ಬುತ್ತಿ ಬಿಚ್ಚಿ ಉಂಡೀವಿ."

"ಹಂಗಾರ ನಮ್ಮ ಮನಿ ಕಡೆ ಬರಬ್ಯಾಡ" ಎಂದು ಮರಿಬಸಪ್ಪ ಹೊರಟುಹೋದ.

ವಿಷಯ ತಿಳಿದು ಸುಂಕಮ್ಮ ಅತ್ತಳು. "ನನ್ನ ಬಾಯಿಂದ ಆತಕ್ಕಾ."

"ನೀ ಸುಳ್ಳು ಹೇಳಿಲ್ಲಲ್ಲ. ಅಳಬ್ಯಾಡ, ನಡಿ, ಮೂರನೇ ಬೆಡ್ಡಿನಾಕಿಗೆ ನೋವು ಸುರು ಆಗೈತಿ" ಎಂದಳು ವೀರಭದ್ರಮ್ಮ. ತಾನು ಅತ್ತದ್ದನ್ನು ಯಾರಿಗೂ ಹೇಳಲಿಲ್ಲ.

ಅಣ್ಣನ ಮಗಳ ಮದುವೆ ಕುರುಗೋಡಿನಲ್ಲಿ ಆಯಿತು. ಆಕೆಗೆ ಕರೆ ಬರಲಿಲ್ಲ. ಹುಡುಗಿಗೆಂದು ತೆಗೆದಿಟ್ಟ ಸೀರೆಯನ್ನು ಬಸ್ ಕಂಡಕ್ಟರನ ಕೈಯಲ್ಲಿ ಕಳಿಸಿದಳು. ಅದು ತಿರುಗಿ ಬರಲಿಲ್ಲ, ಮುಟ್ಟಿತೆಂಬ ಮಾತೂ ಬರಲಿಲ್ಲ.

ಎರಡು ವರ್ಷದ ಮೇಲೆ ಮರಿಬಸಪ್ಪ ತಾಯಿ ದಾಕ್ಷಾಯಣಮ್ಮನನ್ನು ಕರೆದುಕೊಂಡು ಬಂದು ಗೇಟಿನ ಹೊರಗೇ ನಿಂತ. "ಅವ್ವನ ಕಣ್ಣಿಗೆ ಪೊರಿ ಬಂದೈತಿ" ಎಂದಷ್ಟೇ ಹೇಳಿದ. ವೀರಭದ್ರಮ್ಮ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿ, ತಾಯಿಯನ್ನು ತನ್ನ ಕ್ವಾರ್ಟರ್ಸಿಗೇ ತಂದು ಮಲಗಿಸಿಕೊಂಡಳು. ಕಣ್ಣಿಗೆ ಪಟ್ಟಿ ಕಟ್ಟಿತ್ತು, ಮಿಸುಕಾಡುವಂತಿರಲಿಲ್ಲ. ಮಗಳು ಡ್ಯೂಟಿಗೆ ಹೋದಾಗ ಉಣಿಸುತ್ತಿದ್ದವಳು ಸುಂಕಮ್ಮ.

ಮೊದಲ ದಿನ ಚಮಚ ತುಟಿಗೆ ತಾಗಿದಾಗ ಮುದುಕಿ ಕೇಳಿದಳು: "ಯಾರವ್ವಾ ನೀನು?"

"ಸುಂಕಮ್ಮ ರೀ. ರಾರಾವಿಯಾಕಿ."

ದಾಕ್ಷಾಯಣಮ್ಮ ಬಾಯಿ ಮುಚ್ಚಿದಳು. ಸುಂಕಮ್ಮ ಚಮಚ ಹಿಡಿದುಕೊಂಡೇ ಕಾದಳು. ಸ್ವಲ್ಪ ಹೊತ್ತಾದ ಮೇಲೆ ಮುದುಕಿ, "ಅನ್ನಕ್ಕ ತುಪ್ಪ ಹಾಕೀಯೇನು?" ಎಂದು ಕೇಳಿ ಬಾಯಿ ತೆರೆದಳು.

ಒಂದು ಸಂಜೆ ಮಗಳು ತಲೆ ಬಾಚುತ್ತಿದ್ದಾಗ ದಾಕ್ಷಾಯಣಮ್ಮ ದನಿ ತಗ್ಗಿಸಿದಳು. "ಹೆಂಗಿತ್ತ ಅದು?"

"ಯಾವುದವ್ವಾ?"

"ನೀ ಕುಡಿದದ್ದು."

ವೀರಭದ್ರಮ್ಮ ಬಾಚಣಿಕೆ ನಿಲ್ಲಿಸಿದಳು. "ಒಂದು ಖಾರ, ಒಂದು ಸಿಹಿ. ನೇರಳಿ ಹಣ್ಣಿಂದು ಚಲೋ ಇತ್ತು. ಕಡೀದು ಬರೇ ಹುಳಿ."

"ಹುಳೀದು ಯಾಕ ಕುಡಿದಿ ಮತ್ತ?" ಎಂದಳು ತಾಯಿ. ಇಬ್ಬರೂ ನಕ್ಕರು. ಕಣ್ಣಿಗೆ ಪೆಟ್ಟಾದೀತು, ನಗಬ್ಯಾಡ ಎಂದು ಮಗಳು ಗದರಬೇಕಾಯಿತು.

ಪಟ್ಟಿ ಬಿಚ್ಚಿದ ಮೇಲೆ ಮರಿಬಸಪ್ಪ ಕರೆದೊಯ್ಯಲು ಬಂದ. "ದೀಪಾವಳಿಗೆ ಇಕಿ, ಸುಂಕಮ್ಮ ಇಬ್ರೂ ಮನಿಗೆ ಬರ್ತಾರ" ಎಂದು ದಾಕ್ಷಾಯಣಮ್ಮ ಮಗನಿಗೆ ಹೇಳಿದಳು. ಆತ ತಾಯಿಯ ಬಟ್ಟೆಗಂಟು ಎತ್ತಿಕೊಂಡು ಗೇಟಿನ ಕಡೆ ನಡೆದ.

ಹಬ್ಬಕ್ಕೆ ವೀರಭದ್ರಮ್ಮ ಒಬ್ಬಳೇ ಹೋದಳು. "ನನ್ನ ಎಲ್ಲಿ ಕುಂದ್ರಸ್ತಾರಂತ ನಂಗೊತ್ತು, ನೀ ಹೋಗಿ ಬಾ ಅಕ್ಕಾ" ಎಂದಿದ್ದಳು ಸುಂಕಮ್ಮ. ಊಟಕ್ಕೆ ಕೂತಾಗ ಮರಿಬಸಪ್ಪನೇ ಕೇಳಿದ: "ಅಕಿ ಬರಲಿಲ್ಲೇನು?"

"ಕರದಾಕಿ ಅವ್ವ. ನೀ ಕರದ್ರ ಬರ್ತಾಳ."

ಆತ ಕೈತೊಳೆಯಲು ಎದ್ದ. ಆಕೆ ಮಧ್ಯಾಹ್ನದ ಬಸ್ಸಿಗೆ ಬಳ್ಳಾರಿಗೆ ಮರಳಿದಳು.

ಮಾರನೇ ವರ್ಷ ರಾರಾವಿಯಲ್ಲಿ ಸುಂಕಮ್ಮನ ಮದುವೆಯಾಯಿತು. ಅಕ್ಷತೆ ಹಾಕುವ ಹೊತ್ತಿಗೆ ಮರಿಬಸಪ್ಪ ತಾಯಿಯ ಕೈಹಿಡಿದು ಚಪ್ಪರದೊಳಗೆ ಬಂದ. ಅಕ್ಷತೆ ಹಾಕಿದ, ಊಟಕ್ಕೆ ನಿಲ್ಲಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಹೋಗಿ ಕೂತ. ದಾಕ್ಷಾಯಣಮ್ಮ ದಪ್ಪ ಕನ್ನಡಕ ಸರಿಮಾಡಿಕೊಂಡು, ಮಗಳ ಪಕ್ಕದ ಎಲೆಗೆ ಕೂತು ನಿಧಾನವಾಗಿ ಉಂಡಳು.