ಇಪ್ಪತ್ತಾರು ಲಾಳಿಯ ಉಸಿರು

ಮಗ್ಗದ ಬೀದಿಯವರ ಆಟಕ್ಕೆ ಚರಿತ್ರೆ ಬರೆಯುವುದು ಯಾವ ಕಾಲಕ್ಕೂ ಆಗದ ಕೆಲಸ ಎಂದು ಮೊದಲು ಹೇಳಿದವರು ಬೆಂಗಳೂರಿನ ಆಟದ ಮಂಡಳಿಯ ಕಾರ್ಯದರ್ಶಿಗಳು. "ಗೆದ್ದ ದಿನ ತಮಟೆ ಹೊಡೀತೀರಿ, ಸೋತ ದಿನ ಮರ್ತುಬಿಡ್ತೀರಿ. ಅದನ್ನ ದಾಖಲೆ ಅನ್ನಕ್ಕಾಗುತ್ತೇನ್ರೀ?" ಎಂದು ಕನ್ನಡಕದ ಮೇಲಿಂದ ನನ್ನನ್ನು ನೋಡಿ ನಕ್ಕಿದ್ದರು. ನಾನಾಗ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ನಮ್ಮ ಬೀದಿಯಲ್ಲಿ ನನಗಿಂತ ಮೊದಲು ಯಾರೂ ಹೈಸ್ಕೂಲು ದಾಟಿರಲಿಲ್ಲ. ಆ ನಗು ನನಗೆ ಎಲ್ಲಿ ತಾಕಬೇಕೋ ಅಲ್ಲೇ ತಾಕಿತು.

ಮೊನ್ನೆ ಟ್ರಂಕಿನ ತಳ ಕೆದಕುವಾಗ ಹಳೇ ಪಂಚೆಯಲ್ಲಿ ಸುತ್ತಿದ್ದ ದಾರದ ಕಟ್ಟು ಕೈಗೆ ಬಂತು. ಬಿಚ್ಚಿದ ಕೂಡಲೇ ಗಂಜಿಯ ಹುಳಿ ವಾಸನೆ. ಇಷ್ಟು ವರ್ಷವಾದರೂ ನೂಲು ತಾನು ಕುಡಿದ ಗಂಜಿಯನ್ನು ಬಿಟ್ಟಿಲ್ಲ... ಆ ವಾಸನೆಗೆ ನಮ್ಮ ದೊಡ್ಡಬಳ್ಳಾಪುರದ ಬೀದಿ ಎದ್ದು ನಿಂತಿತು. ಬೆಳಗಿನ ಬಿಸಿಲಲ್ಲಿ ಮಗ್ಗಕ್ಕೆ ಏರಿಸಲು ಉದ್ದಕ್ಕೂ ಎಳೆದು ಕಟ್ಟಿದ ನೂಲಿನ ಹಾಸು, ಅದಕ್ಕೆ ಗಂಜಿ ಸವರುವ ಹೆಂಗಸರು, ಮನೆಮನೆಯೊಳಗಿಂದ ಲಾಳಿಯ ಸದ್ದು. ಆ ಸದ್ದಿನ ನಡುವೆ ಎದುರುಮನೆಯ ದೊಡ್ಡಪ್ಪ.

ದೊಡ್ಡಪ್ಪ ಎಂದರೆ ನನ್ನ ತಂದೆಯ ಅಣ್ಣನಲ್ಲ. ಬೀದಿಗೆಲ್ಲ ಅವರು ದೊಡ್ಡಪ್ಪ, ಅವರ ಹೆಂಡತಿ ದೊಡ್ಡಮ್ಮ. ಮಕ್ಕಳಿರಲಿಲ್ಲ. ಓದು ಬರಹ ಬರುತ್ತಿರಲಿಲ್ಲ. ಒಂದು ಗುಂಡಿಮಗ್ಗವಿತ್ತು, ಮತ್ತೆ ನಮ್ಮ ಸಂಘವಿತ್ತು.

ಸಂಘ ಎಂದರೆ ಚಡುಗುಡು ಸಂಘ. ಈಗಿನವರು ಕಬಡ್ಡಿ ಎನ್ನುತ್ತಾರೆ. ಹಗಲೆಲ್ಲ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತವರು ಸಂಜೆ ಕೆರೆಯಂಗಳಕ್ಕೆ ಹೋಗಿ ಮಣ್ಣಿನಲ್ಲಿ ಬಿದ್ದು ಏಳುತ್ತಿದ್ದರು. ದೊಡ್ಡಪ್ಪನ ಮೊಣಕಾಲು ಯಾವುದೋ ಆಟದಲ್ಲಿ ತಿರುಚಿಕೊಂಡು ಕೆಟ್ಟಿತ್ತು. ಅದಕ್ಕೇ ಅವರು ದಡದ ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು. ಸುಮ್ಮನೆ ನೋಡುತ್ತಿರಲಿಲ್ಲ. ಯಾರಾದರೂ ಉಸಿರು ಹಿಡಿದು "ಚಡುಗುಡು ಚಡುಗುಡು" ಎನ್ನುತ್ತಾ ಗೆರೆ ದಾಟಿದರೆ ಸಾಕು, ಅವರ ಬಲಗೈ ತೊಡೆಯ ಮೇಲೆ ತಾನಾಗಿ ಆಡಲು ಶುರುವಾಗುತ್ತಿತ್ತು. ಮಗ್ಗದಲ್ಲಿ ಲಾಳಿಯ ಹಗ್ಗ ಎಳೆಯುವ ಹಾಗೆ, ಎಳೆ... ಬಿಡು... ಎಳೆ... ಬಿಡು. ಉಸಿರು ಕಡಿದ ಕೂಡಲೇ ಕೈ ನಿಲ್ಲುತ್ತಿತ್ತು. "ಹತ್ತೊಂಬತ್ತು ಲಾಳಿ. ಮುದ್ದೆ ಇನ್ನೊಂಚೂರು ಜಾಸ್ತಿ ತಿನ್ನು" ಎನ್ನುತ್ತಿದ್ದರು. ಬೀದಿಯ ಪ್ರತಿಯೊಬ್ಬ ಆಟಗಾರನ ಉಸಿರಿನ ಅಳತೆ ಅವರ ಬಾಯಲ್ಲಿತ್ತು. ನನ್ನದು ಇಪ್ಪತ್ತಾರು. ಅದಕ್ಕಿಂತ ಹೆಚ್ಚಿನವರು ನಮ್ಮಲ್ಲಿ ಇಬ್ಬರೇ.

ಆಟದ ಸೋಲು ಗೆಲುವು ಮಾತ್ರ ಬಾಯಲ್ಲಿ ಇಡುತ್ತಿರಲಿಲ್ಲ, ದಾರದಲ್ಲಿ ಇಡುತ್ತಿದ್ದರು. ಒಂದು ಹಾಸು ನೇಯ್ದು ಮುಗಿದಾಗ ಮಗ್ಗದಲ್ಲಿ ಉಳಿಯುವ ತುಂಡುನೂಲಿನಲ್ಲಿ ಮೊಳದುದ್ದ ಕತ್ತರಿಸಿ ಹೊಸೆದು, ಆ ಹಾಸು ಮಗ್ಗದ ಮೇಲಿದ್ದಷ್ಟು ದಿನ ಆಡಿದ ಪಂದ್ಯಗಳನ್ನು ಅದರಲ್ಲಿ ಕಟ್ಟುತ್ತಿದ್ದರು. ಗೆದ್ದರೆ ಬಿಗಿಯಾದ ಗಂಟು, ಸೋತರೆ ಬೆರಳು ತೂರುವ ಕುಣಿಕೆ. ಗೋಡೆಯ ಮೊಳೆಗೆ ತಗುಲಿ ಹಾಕಿದ ಆ ಕಟ್ಟಿನಲ್ಲಿ ಅರಿಶಿನ, ಗಿಣಿಹಸಿರು, ಈರುಳ್ಳಿಸಿಪ್ಪೆ ಬಣ್ಣ, ಎಲ್ಲವೂ ಇದ್ದವು. ಕುಣಿಕೆಗಳೇ ಹೆಚ್ಚಿದ್ದವು ಎಂಬುದನ್ನೂ ಹೇಳಿಬಿಡುತ್ತೇನೆ.

ಮಂಡಳಿ ಕೇಳಿದ್ದು ಮೂರು ಸಂಗತಿ. ಐದು ವರ್ಷದ ಪಂದ್ಯಗಳ ಪಟ್ಟಿ, ಪಟ್ಟಿ ಇಟ್ಟವರ ರುಜು, ಮಂಡಳಿಯಲ್ಲಿ ಹೆಸರಿರುವ ಯಾವುದಾದರೂ ಒಂದು ತಂಡವನ್ನು ಸೋಲಿಸಿದ ದಾಖಲೆ. ಇಷ್ಟಿದ್ದರೆ ಮಾನ್ಯತೆಯ ಸರ್ಟಿಫಿಕೇಟು. ಅದು ಸಿಕ್ಕರೆ ನಮ್ಮ ಹುಡುಗರು ಬೆಂಗಳೂರಿನ ಪಂದ್ಯಾವಳಿಯಲ್ಲಿ ಆಡಬಹುದಿತ್ತು. ಇಲ್ಲದಿದ್ದರೆ ಕೆರೆಯಂಗಳವೇ ಗತಿ.

ಪಟ್ಟಿ ಬರೆಯಲು ಕೂತೆ. ಅಷ್ಟು ತಲೆ ಕೆಟ್ಟ ಕೆಲಸವನ್ನು ಪರೀಕ್ಷೆಗೂ ಮಾಡಿರಲಿಲ್ಲ. "ಇದು ಯಾವ ತಿಂಗಳು ದೊಡ್ಡಪ್ಪ?" ಎಂದರೆ "ಗಿಣಿಹಸಿರಿಗೆ ಕೆಂಪಂಚು ನೇಯ್ತಿದ್ನಲ್ಲ, ಆಗ" ಎನ್ನುವರು. "ಅದು ಯಾವಾಗ?" ಎಂದರೆ "ಅದೇ ಕಣ್ಲಾ, ಈರುಳ್ಳಿಸಿಪ್ಪೆ ಬಣ್ಣದ್ದು ಇಳಿಸಿದ್ಮೇಲೆ." ನಾನು ಪೆನ್ಸಿಲ್ ಎಸೆದು ಎದ್ದುಹೋಗುತ್ತಿದ್ದೆ, ಮತ್ತೆ ಬರುತ್ತಿದ್ದೆ. ಕೊನೆಗೆ ಸೀರೆ ಅಂಗಡಿಯ ಸಾಹುಕಾರರ ಕಾಲು ಹಿಡಿದು ಅವರ ನಮೂನೆ ಪುಸ್ತಕ ತಂದೆ. ಪ್ರತಿ ಸೀರೆಯ ಚೂರನ್ನೂ ಅಂಟಿಸಿ ಪಕ್ಕದಲ್ಲಿ ತಾರೀಖು ಬರೆದಿಟ್ಟ ಪುಸ್ತಕ ಅದು. ದಾರವನ್ನು ಚೂರಿಗೆ ಹೊಂದಿಸಿ ಹೊಂದಿಸಿ, ಇಪ್ಪತ್ತು ದಿನ ಕಣ್ಣು ಕೆಂಪು ಮಾಡಿಕೊಂಡು ಮೂವತ್ತೇಳು ಪಂದ್ಯಗಳಿಗೆ ತಿಂಗಳು ಹಚ್ಚಿದೆ. ಒಂದೂ ತಪ್ಪಿರಲಿಲ್ಲ. ಓದು ಬಾರದವರ ಲೆಕ್ಕ ಸಾಹುಕಾರರ ಪುಸ್ತಕಕ್ಕೆ ಎಳೆ ಎಳೆಯಾಗಿ ಕೂಡಿ ಬಂದಿತ್ತು.

ಆದರೆ ಬೇಕಾಗಿದ್ದ ಒಂದು ಪಂದ್ಯ ಅದರಲ್ಲಿರಲಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ನೂಲಿಗೆ ಸರ್ಕಾರದ ಕಂಟ್ರೋಲ್ ಬಂದು ಬೀದಿಯ ಮಗ್ಗಗಳೆಲ್ಲ ನಿಂತವು. ದೊಡ್ಡಪ್ಪ ಕೆಲವು ತಿಂಗಳು ಬೆಂಗಳೂರು ದಂಡಿನ ಕಡೆ ರಸ್ತೆ ಕೆಲಸಕ್ಕೆ ಹೋಗಿದ್ದರು. ಆಗಲೇ ಬೆಂಗಳೂರಿನ ಒಂದು ಗಿರಣಿ ತಂಡ ರೈಲಿನಲ್ಲಿ ಬಂದು ನಮ್ಮ ಕೆರೆಯಂಗಳದಲ್ಲಿ ಆಡಿತು. ಅದು ಮಂಡಳಿಯ ಪಟ್ಟಿಯಲ್ಲಿದ್ದ ತಂಡ. ಅದನ್ನು ನಾವು ಗೆದ್ದೆವು. ಗೆಲ್ಲಿಸಿದವನು ನಾನು. ಕೊನೆಯ ಸರದಿಯಲ್ಲಿ ಒಳಗೆ ಹೋಗಿ, ಉಳಿದಿದ್ದ ಮೂವರನ್ನೂ ಮುಟ್ಟಿ ಗೆರೆ ಸೇರಿಕೊಂಡಿದ್ದೆ. ತಮಟೆಯ ಸದ್ದಿಗೆ ಕೆರೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದ್ದವು.

ದೊಡ್ಡಪ್ಪ ಊರಿಗೆ ಮರಳಿದ ದಿನವೇ ಅವರ ಅಂಗಳದಲ್ಲಿ ಅದನ್ನೆಲ್ಲ ಆಡಿ ತೋರಿಸಿದ್ದೆ. ಇಲ್ಲಿಂದ ಹೋದೆ, ಈ ಮೂಲೆಯಲ್ಲಿ ಒಬ್ಬ, ಅಲ್ಲಿ ಇಬ್ಬರು, ಹೀಗೆ ತಿರುಗಿದೆ ಎಂದು, ಆಟದ ದಿನ ಓಡಿದ ವೇಗದಲ್ಲೇ. ಅವರು ಕಟ್ಟೆಯ ಮೇಲೆ ಕೂತು ನೋಡಿದರು. ಬಲಗೈ ತೊಡೆಯ ಮೇಲೆ ಆಡುತ್ತಿತ್ತು. ನಾನು ಮುಗಿಸಿದಾಗ "ಹೂಂ" ಎಂದರು. ಅಷ್ಟೇ. ಗಂಟು ಹಾಕಲಿಲ್ಲ.

ಈಗ ಪಟ್ಟಿಗೆ ಅದನ್ನು ಸೇರಿಸೋಣ ಎಂದಾಗಲೂ ಅದೇ ಹಟ. "ನಾನು ನೋಡಿಲ್ಲ ಕಣಪ್ಪ. ಮಗ್ಗದ ಮೇಲೆ ನೂಲಿರ್ಲಿಲ್ಲ, ನಾನು ಊರಲ್ಲಿರ್ಲಿಲ್ಲ. ಯಾವ ದಾರಕ್ಕೆ ಕಟ್ಲಿ?"

"ಊರಿಗೆ ಊರೇ ನೋಡೈತೆ ದೊಡ್ಡಪ್ಪ!"

"ಊರು ಹೆಬ್ಬೆಟ್ಟು ಒತ್ತಲಿ ಬಿಡು, ನಂದ್ಯಾಕೆ?"

ಮೂರು ದಿನ ಬೇಡಿದೆ. ನಾಲ್ಕನೇ ದಿನ, ಬರೆಯಲು ಬಂದವನು ಮಾಡಬಾರದ ಕೆಲಸ ಮಾಡಿದೆ. ಆ ಪಂದ್ಯವನ್ನು ನಡುವೆ ಒಂದು ಸಾಲಾಗಿ ಬರೆದು, ಪಟ್ಟಿಯನ್ನೂ ಮಸಿಯನ್ನೂ ಹಿಡಿದು ಅವರ ಮನೆಗೆ ಹೋದೆ. ಅವರು ದಾರದ ಕಟ್ಟು ಮಡಿಲಲ್ಲಿಟ್ಟುಕೊಂಡು "ಓದು" ಎಂದರು. ಓದಿದೆ. ಒಂದೊಂದು ಸಾಲಿಗೂ ಒಂದೊಂದು ಗಂಟು, ಒಂದೊಂದು ಕುಣಿಕೆ ಅವರ ಬೆರಳಲ್ಲಿ ಸರಿಯಿತು. ಆ ಸಾಲು ಬಂದಾಗ ಕಣ್ಣನ್ನು ಹಾರಿಸಿ ಮುಂದಿನದಕ್ಕೆ ಹೋದೆ. ಮೂವತ್ತೇಳೂ ಮುಗಿಯಿತು. ಹೆಬ್ಬೆರಳಿಗೆ ಮಸಿ ಹಚ್ಚಿದೆ.

ಕಾಗದದ ಮೇಲೆ ಇಳಿಯಬೇಕಾದ ಹೆಬ್ಬೆರಳು ಗಾಳಿಯಲ್ಲೇ ನಿಂತಿತು. ಎಡಗೈಯ ಉಗುರನ್ನು ಅವರು ಪಟ್ಟಿಯ ಅಂಚಿಗಿಟ್ಟು ಮೇಲಿಂದ ಕೆಳಕ್ಕೆ ಇಳಿಸಿದರು. ಮಗ್ಗದ ಅಚ್ಚಿನ ಹಲ್ಲುಗಳಲ್ಲಿ ಕಡಿದ ಎಳೆ ಹುಡುಕುವಾಗ ಇಳಿಸುತ್ತಿದ್ದ ಹಾಗೆಯೇ. ಎರಡನೇ ಸಲ ಇಳಿಸಿದರು.

"ಒಂದು ಸಾಲು ಹೆಚ್ಚೈತಲ್ಲ."

ಸಾವಿರಾರು ಎಳೆಯಲ್ಲಿ ಒಂದು ತಪ್ಪಿದರೂ ಹಿಡಿಯುವವರು. ಮೂವತ್ತೆಂಟು ಸಾಲು ಎಣಿಸಲು ಅವರಿಗೆ ಅಕ್ಷರ ಯಾಕೆ ಬೇಕು? ಅದು ನನಗೆ ಹೊಳೆಯಲೇ ಇಲ್ಲ. ಅಷ್ಟು ಓದಿದ್ದೆ ನಾನು.

ನನಗೆ ನಾಚಿಕೆಗಿಂತ ಸಿಟ್ಟೇ ಮೊದಲು ಬಂತು. "ಹೌದು, ಬರ್ದಿದೀನಿ! ನಡೆದದ್ದನ್ನ ಬರ್ದಿದೀನಿ. ನಿಮ್ಮ ಒಂದು ಹಟಕ್ಕೆ ಹುಡುಗ್ರೆಲ್ಲ ಯಾಕೆ ಸಾಯ್ಬೇಕು?" ಎಂದು ಕೂಗಾಡಿದೆ. ದೊಡ್ಡಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು.

ದೊಡ್ಡಪ್ಪ ದನಿ ಏರಿಸಲಿಲ್ಲ. "ಅವತ್ತು ಅಂಗಳದಾಗೆ ಆಡಿ ತೋರ್ಸಿದ್ಯಲ್ಲ, ಅದು ನಲವತ್ತು ಲಾಳಿ ಆಯ್ತು. ನಿನ್ನ ಉಸಿರು ಇಪ್ಪತ್ತಾರು. ನೀನು ಮೊಳದುದ್ದ ಇದ್ದಾಗ್ಲಿಂದ ಎಣಿಸ್ತಾ ಇವ್ನಿ, ನಂಗೊತ್ತಿಲ್ವಾ?" ಎಂದರು. ಎಡಗೈಯಲ್ಲೇ ದಾರದ ಕಟ್ಟನ್ನು ಪಕ್ಕಕ್ಕಿಟ್ಟು, "ನೋಡಿಲ್ಲ ಅಂತ ಅದಕ್ಕೇ ಅಂದಿದ್ದು. ನಿನ್ನ ಬಾಯಲ್ಲಿ ಹೇಳುಸ್ಬಾರ್ದು ಅಂತ."

ಅವತ್ತು ಆಟದಲ್ಲಿ, ಎರಡನೆಯವನನ್ನು ಮುಟ್ಟಿ ತಿರುಗುವಾಗ... ಒಂದು ಉಸಿರು ಎಳೆದುಕೊಂಡಿದ್ದೆ. ಇನ್ನೊಂದು ಉಸಿರು ತೆಗೆದುಕೊಂಡರೆ ಅಲ್ಲಿಗೆ ಔಟು, ಆಟದ ಮೊದಲ ನಿಯಮವೇ ಅದು. ತಮಟೆಯ ಗದ್ದಲದಲ್ಲಿ ತೀರ್ಪುಗಾರರಿಗೆ ಕೇಳಿಸಲಿಲ್ಲ. ಗಿರಣಿಯವರು ಕೂಗಾಡಿದ್ದನ್ನು ನಾವು ಸೋತವರ ಹೊಟ್ಟೆಯುರಿ ಎಂದು ನಕ್ಕು ತಳ್ಳಿಬಿಟ್ಟಿದ್ದೆವು. ಗೆದ್ದೆ, ಗೆದ್ದೆ ಎಂದು ಹೇಳಿ ಹೇಳಿ ನನಗೂ ಅದು ಮರೆತ ಹಾಗೆ ಆಗಿತ್ತು.

ಆ ಸಾಲನ್ನು ಹೊಡೆದು ಹಾಕಿದೆ. ಅವರು ಹೆಬ್ಬೆಟ್ಟು ಒತ್ತಿದರು. ಅಷ್ಟರಲ್ಲಿ ಮಸಿ ಒಣಗಿ, ಗುರುತು ಮಬ್ಬಾಗಿ ಬಿತ್ತು. ಉಳಿದ ಮಸಿಯನ್ನು ಮಗ್ಗದ ಕಂಬಕ್ಕೆ ಒರೆಸಿಕೊಂಡು ಗುಂಡಿಗೆ ಇಳಿದರು. ಲಾಳಿ ಮತ್ತೆ ಓಡಿತು.

ಅರ್ಜಿ ವಾಪಸು ಬಂತು. ಪಟ್ಟಿಯಲ್ಲಿರುವ ತಂಡವನ್ನು ಸೋಲಿಸಿದ ದಾಖಲೆ ಇಲ್ಲ, ಆದ್ದರಿಂದ ಪರಿಶೀಲಿಸಲಾಗದು. ಎರಡೇ ಸಾಲು.

ಇಲ್ಲಿಯವರೆಗಿನ ನನ್ನ ತಪ್ಪನ್ನು ವಯಸ್ಸಿನ ಮೇಲೆ ಹಾಕಬಹುದು. ಮುಂದಿನದನ್ನು ಹಾಕಲಾರೆ. ಬೀದಿಯವರಿಗೆ ಗೊತ್ತಿದ್ದುದು ಇಷ್ಟೇ: ಗಿರಣಿಯವರನ್ನು ಗೆದ್ದದ್ದಕ್ಕೆ ದೊಡ್ಡಪ್ಪ ಹೆಬ್ಬೆಟ್ಟು ಕೊಡಲಿಲ್ಲ. ಹೋಟೆಲಿನಲ್ಲಿ ಹುಡುಗರು ಅವರಿಗೆ ಕೇಳುವ ಹಾಗೇ ಆಡಿಕೊಂಡರು. "ಒಂದು ಹೆಬ್ಬೆಟ್ಟು ಒತ್ತಿದ್ರೆ ಮುದುಕಂದು ಬೆರಳು ಸವೆದೋಗ್ತಿತ್ತಾ ಗುರು?" ಎಂದ ಒಬ್ಬ. "ಕಾಲು ಕುಂಟಾದ್ಮೇಲೆ ಬೇರೆಯೋರು ಓಡೋದ ಕಂಡ್ರೆ ಆಗಕಿಲ್ಲ ಕಣೋ" ಎಂದ ಇನ್ನೊಬ್ಬ. ನಾನು ಅಲ್ಲೇ ಇದ್ದೆ. ಲೋಟದ ತಳದ ಕಾಫಿಯನ್ನು ತಿರುಗಿಸುತ್ತಾ ಸುಮ್ಮನಿದ್ದೆ. ದೊಡ್ಡಪ್ಪ ಒಂದು ಮಾತಿನಲ್ಲಿ ಅವರ ಬಾಯಿ ಮುಚ್ಚಿಸಬಹುದಿತ್ತು. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದುಹೋದರು. ಆಮೇಲೆ ಕೆರೆಯಂಗಳದ ಕಲ್ಲಿನ ಮೇಲೂ ಅವರು ಕಾಣಿಸಲಿಲ್ಲ.

ನಾನು ಬಿ.ಎ. ಪಾಸಾದೆ. ಅಪ್ಪ ಬೀದಿಗೆಲ್ಲ ಸಕ್ಕರೆ ಹಂಚಿದರು. ಮನೆಮನೆಗೆ ಹೋಗಿ ಹಿರಿಯರ ಕಾಲಿಗೆ ಬಿದ್ದೆ. ಎದುರುಮನೆಯ ಮುಂದೆ ಬಂದಾಗ ಒಳಗೆ ಲಾಳಿಯ ಸದ್ದು ನಿಂತಿತು. ನಾನೂ ನಿಂತೆ... ಮುಂದಿನ ಮನೆಗೆ ನಡೆದುಬಿಟ್ಟೆ. ಎರಡು ಹೆಜ್ಜೆ ಹೋಗುವಷ್ಟರಲ್ಲಿ ಲಾಳಿ ಮತ್ತೆ ಶುರುವಾಯಿತು. ನನಗೆ ಸಿಕ್ಕ ಡಿಗ್ರಿಯ ಜೊತೆಗೆ ಆ ಸದ್ದೂ ಇದೆ, ಆ ಸದ್ದನ್ನು ಬಿಟ್ಟು ಡಿಗ್ರಿಯನ್ನು ನೆನೆಯಲು ನನಗೆ ಆಗುವುದಿಲ್ಲ.

ಜಡಿಗೇನಹಳ್ಳಿಯ ಕಡೆ ಮೇಷ್ಟ್ರ ಕೆಲಸ ಸಿಕ್ಕಿತು. ಮುಂದಿನ ಚಳಿಗಾಲದಲ್ಲಿ ದೊಡ್ಡಪ್ಪ ಹತ್ತು ದಿನದ ಜ್ವರದಲ್ಲಿ ತೀರಿಕೊಂಡರು. ಅಪ್ಪ ಬರೆಸಿದ ಕಾಗದ ನನ್ನ ಕೈಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷ ಮಂಡಳಿಗೆ ಹೊಸ ಕಾರ್ಯದರ್ಶಿಗಳು ಬಂದರು. ನಾನು ಮತ್ತೆ ಪಟ್ಟಿ, ನಮೂನೆ ಪುಸ್ತಕದಿಂದ ಇಳಿಸಿಕೊಂಡ ತಾರೀಖುಗಳು, ಸಂಘದ ಚರಿತ್ರೆ ಎಲ್ಲವನ್ನೂ ಚೀಲದಲ್ಲಿ ಹೊತ್ತುಕೊಂಡು ಹೋದೆ. ಅವರು ಚೀಲದ ಕಡೆ ನೋಡಲೂ ಇಲ್ಲ. "ಇದೆಲ್ಲಾ ಯಾಕೆ ಹೊತ್ಕೊಂಬಂದ್ರಿ ಮೇಷ್ಟ್ರೇ? ಆ ರೂಲೆಲ್ಲ ತೆಗೆದಾಯ್ತು. ಅರ್ಜಿ ಒಂದಿದ್ರೆ ಸಾಕು" ಎಂದು ಹೇಳಿ, ಸಂಘದ ಹೆಸರು ಬರೆದು ಮೊಹರು ಒತ್ತಿ ಸರ್ಟಿಫಿಕೇಟನ್ನು ಮೇಜಿನ ಮೇಲೆ ನೂಕಿದರು. ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಯಾವುದಕ್ಕಾಗಿ ಆ ಮನುಷ್ಯನನ್ನು ಅಷ್ಟು ಹಿಂಸೆ ಮಾಡಿದೆನೋ, ಅದನ್ನು ಕೇಳುವವರೇ ಇರಲಿಲ್ಲ. ರೈಲಿನಲ್ಲಿ ವಾಪಸು ಬರುವಾಗ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಆ ಸರ್ಟಿಫಿಕೇಟು ಬಹಳ ಕಾಲ ಸಂಘದ ಗೋಡೆಯ ಮೇಲಿತ್ತು. ಸಂಘ ಹೋಯಿತು, ಗೋಡೆಯೂ ಹೋಯಿತು. ಬೀದಿಯಲ್ಲಿ ಕರೆಂಟಿನ ಮಗ್ಗಗಳು ಬಂದವು, ಅವುಗಳ ಲಾಳಿಯನ್ನು ಯಾರ ಕೈಯೂ ಎಣಿಸಲಾರದು. ಹುಡುಗರಿಗೆಲ್ಲ ಸತ್ಯ ಹೇಳಬೇಕೆಂದು ನಾನು ಮನಸ್ಸು ಮಾಡುವಷ್ಟರಲ್ಲಿ ಕೇಳಬೇಕಾದವರು ಒಬ್ಬೊಬ್ಬರಾಗಿ ಹೊರಟುಹೋದರು. ಈಗ ಈ ಕಾಗದದ ಮುಂದೆ ಹೇಳುತ್ತಿದ್ದೇನೆ. ಪಕ್ಕದಲ್ಲಿ ದಾರದ ಕಟ್ಟಿದೆ. ಅದರಲ್ಲಿ ಬಣ್ಣ ಕಾಣದ ಒಂದು ಬಿಳಿ ದಾರಕ್ಕೆ ಇವತ್ತಿಗೂ ಗಂಟಿಲ್ಲ, ಕುಣಿಕೆಯೂ ಇಲ್ಲ. ಏನು ಹಾಕಬೇಕೆಂದು ಗೊತ್ತಿಲ್ಲದೆ ಅಲ್ಲ...

ಅವತ್ತು ರೈಲಿಳಿದವನು ಸಂಘದ ಕಡೆಗೆ ಹೋಗದೆ ನೇರವಾಗಿ ಎದುರುಮನೆಗೆ ಹೋಗಿ ಸರ್ಟಿಫಿಕೇಟನ್ನು ದೊಡ್ಡಮ್ಮನ ಕೈಗೆ ಕೊಟ್ಟಿದ್ದೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದ್ರಾಗೆ ಅವ್ರ ಹೆಸರೈತಾ?"

"ಇಲ್ಲ ದೊಡ್ಡಮ್ಮ."

ಅವರು ಕಾಗದವನ್ನು ನನ್ನ ಕೈಗೇ ವಾಪಸು ಕೊಟ್ಟು ಒಳಗೆ ಹೋದರು. ಮೊಳೆಯಿಂದ ದಾರದ ಕಟ್ಟು ತಂದು ಅದರ ಮೇಲಿಟ್ಟರು. ಬಿಳಿಯ ದಾರವನ್ನು ಬೆರಳಿಂದ ಬಿಡಿಸಿ ತೋರಿಸಿದರು.

"ಜ್ವರದಾಗೇ ಹೊಸೆದ್ರು ಇದನ್ನ. ನಿಮ್ಮ ಗಿರಣಿಯೋರ ಆಟದ್ದಂತೆ. ಕಟ್ಟಿ ಅಂದೆ. 'ನಂದಲ್ಲ ಕಣೆ, ಅವ್ನು ಬರ್ತಾನೆ, ಅವ್ನೇ ಕಟ್ಲಿ' ಅಂದ್ರು. ಬಾಗ್ಲು ನೋಡ್ತಾ ಮಲ್ಗಿದ್ರು ಕಣಪ್ಪ. ನೀನು ಬರ್ನಿಲ್ಲ."