ನಲವತ್ತೊಂಬತ್ತನೆಯ ದಿನದ ಮರುದಿನ

ಫುಸಾಕೊ ಗಂಡನನ್ನು ಬಿಟ್ಟಾಗ ಅವಳಿಗೆ ಅರವತ್ತೆರಡು. ಇಮಾಬಾರಿಯ ಬಂದರಿನ ಓಣಿಗಳಲ್ಲಿ ಸುದ್ದಿ ಒಂದೇ ಮಧ್ಯಾಹ್ನದಲ್ಲಿ ಮನೆಮನೆ ಮುಟ್ಟಿತು. ಗಂಡ ತಾತ್ಸುಜಿ ಕುಡುಕನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಹಡಗು ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡಿ, ಸಂಬಳದ ಲಕೋಟೆಯನ್ನು ಒಡೆಯದೆ ಅವಳ ಕೈಗಿಡುತ್ತಿದ್ದ ಮನುಷ್ಯ. ಅವನ ಬಾಯಲ್ಲಿ ‘ಊಟ’, ‘ಸ್ನಾನ’, ‘ಹಾಸಿಗೆ’ ಬಿಟ್ಟು ನಾಲ್ಕನೆಯ ಮಾತು ಕೇಳಿಲ್ಲ ಎಂದು ಫುಸಾಕೊ ನಗುನಗುತ್ತಲೇ ಹೇಳುತ್ತಿದ್ದಳು. ಅವನು ನಿವೃತ್ತನಾಗಿ ಬಂದು ಇಡೀ ದಿನ ಎದುರಿಗೇ ಕೂತಾಗ ಆ ನಗು ಬತ್ತಿತು.

ಆದರೂ ಅತ್ತೆ ಇರುವವರೆಗೆ ಅವಳು ತುಟಿಪಿಟಕ್ಕೆನ್ನಲಿಲ್ಲ. ಮುದುಕಿ ಹಾಸಿಗೆ ಹಿಡಿದಿದ್ದಳು. ಉಣ್ಣಿಸುವುದು, ಒರೆಸುವುದು, ಮಗ್ಗುಲು ಬದಲಿಸುವುದು ಎಲ್ಲ ಸೊಸೆಯದೇ. ಅತ್ತೆಯ ವರ್ಷದ ಕಾರ್ಯ ಮುಗಿದ ಸಂಜೆ ಫುಸಾಕೊ ಬಟ್ಟಲು ತೊಳೆದಿಟ್ಟು ಬಂದು ಹೇಳಿದಳು.

"ನಾನಿನ್ನು ಬೇರೆ ಇರ್ತೀನಿ."

ತಾತ್ಸುಜಿ ಟಿ.ವಿ. ಆರಿಸಿದ. "ಹೌದಾ," ಎಂದ. ಆಮೇಲೆ, "ಪಿಂಚಣೀಲಿ ಅರ್ಧ ನಿಂದು. ಅಮ್ಮನ್ನ ನೋಡ್ಕೊಂಡಿದ್ದು ನೀನು," ಎಂದ.

ಅವನ ಜನ್ಮದಲ್ಲೇ ಅಷ್ಟುದ್ದದ ಮಾತು ಅದೇ ಮೊದಲು. ಇದನ್ನು ಹತ್ತು ವರ್ಷ ಮೊದಲು ಆಡಿದ್ದರೆ ಅವಳು ಮನೆ ಬಿಡುತ್ತಲೇ ಇರಲಿಲ್ಲವೇನೋ. ಕೆಲವು ಗಂಡಸರಿಗೆ ಬಾಯಿ ಬರುವುದು ಬಾಗಿಲು ಮುಚ್ಚುವಾಗಲೇ. ಇಬ್ಬರೂ ನೋಟರಿಯ ಬಳಿ ಹೋಗಿ ಅರ್ಧರ್ಧ ಎಂದು ಬರೆಸಿ ಮುದ್ರೆ ಒತ್ತಿ ಬಂದರು, ಬಿಡುಗಡೆಯನ್ನೂ ನಗರ ಕಚೇರಿಯಲ್ಲಿ ದಾಖಲಿಸಿದರು. ಇನ್ನು ಆ ಒಪ್ಪಂದವನ್ನು ಅವಳು ಪಿಂಚಣಿ ಕಚೇರಿಗೆ ಕೊಡುವುದೊಂದೇ ಬಾಕಿ. ಅದಕ್ಕೆ ಎರಡು ವರ್ಷ ಗಡುವಿತ್ತು. ಎರಡು ವರ್ಷ ಎಂದರೆ ಯಾರಿಗೆ ತಾನೇ ಅವಸರ?

ಲಾಂಡ್ರಿ ಅಂಗಡಿಯ ಮೇಲಿನ ಒಂದು ಕೋಣೆ ಹಿಡಿದಳು. ಬುತ್ತಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಬೆಳಕು ಹರಿಯುವ ಮೊದಲೇ ಹೋಗಿ ಬಾಣಲೆಯ ಮುಂದೆ ನಿಂತರೆ ಮಧ್ಯಾಹ್ನದವರೆಗೆ ಮೀನು, ಕೋಳಿ ಕರಿಯುತ್ತಲೇ ಇರಬೇಕು. ಕೆಲವೇ ತಿಂಗಳಲ್ಲಿ ಮೊಣಕಾಲು ಊದಿಕೊಂಡಿತು. ಪಿಂಚಣಿಯ ಅರ್ಧ ಬರಲು ಶುರುವಾದರೆ ಈ ಬಾಣಲೆ ಬಿಡಬಹುದು, ಬೆಳಗಿನ ಚಹಾವನ್ನು ಕೂತು, ಆರುವವರೆಗೂ ಕುಡಿಯಬಹುದು. ಅವಳಿಗಿದ್ದದ್ದು ಅದೊಂದೇ ಆಸೆ.

ಅಷ್ಟರಲ್ಲಿ ತಾತ್ಸುಜಿಯ ಹೊಟ್ಟೆಯಲ್ಲಿ ಗೆಡ್ಡೆ ಎಂದರು. ಬಿಟ್ಟ ಹೆಂಡತಿ ವಾರವಾರ ಆಸ್ಪತ್ರೆಗೆ ಹೋಗಿ ಹಾಸಿಗೆಯ ಪಕ್ಕ ಕೂತು ಕಿತ್ತಳೆ ಸುಲಿದಳು.

"ಕಾಗದ ಕೊಟ್ಯಾ?" ಎಂದು ಅವನು ಕೇಳುತ್ತಿದ್ದ.

"ನೀವು ಮೊದಲು ಎದ್ದು ಮನೆಗೆ ನಡೀರಿ. ಮಲಗಿರೋರ ಪಾಲು ಕಿತ್ಕೊಳ್ಳೋಕೆ ನನಗೇನು ದೆವ್ವ ಮೆಟ್ಕೊಂಡಿದ್ಯಾ?"

"ಕೊಡು," ಎನ್ನುತ್ತಿದ್ದ. ಆಮೇಲೆ, "ಹಣ್ಣು ಸಿಹಿಯಾಗಿದೆ."

ಬುತ್ತಿ ಅಂಗಡಿಯಲ್ಲಿ ಅನ್ನ ತುಂಬುವ ಕಿಕುನೊ ಇದನ್ನು ಕೇಳಿ ಮೂಗು ಮುರಿದಳು. "ಬಿಟ್ಟ ಗಂಡನಿಗೆ ಹಣ್ಣು ಸುಲಿಯೋಕೆ ಪುರುಸೊತ್ತಿದೆ, ಆಫೀಸಿಗೆ ಹೋಗೋಕೆ ಇಲ್ಲ! ಅಕ್ಕಾ, ನೀವು ಬಿಟ್ಟಿದ್ದಾದ್ರೂ ಏನನ್ನ?"

ಫುಸಾಕೊ ನಕ್ಕು ಕೋಳಿ ತಿರುವಿ ಹಾಕಿದಳು.

ಫೆಬ್ರವರಿಯಲ್ಲಿ ತಾತ್ಸುಜಿ ತೀರಿಕೊಂಡ. ಅಂತ್ಯಕ್ರಿಯೆಯಲ್ಲಿ ಫುಸಾಕೊ ಊರಿನ ರೂಢಿಯಂತೆ ಹಣದ ಲಕೋಟೆಯನ್ನು ಧೂಪದ ಮುಂದಿಟ್ಟು ಕೊನೆಯ ಸಾಲಿನಲ್ಲಿ ಕೂತಳು. ಹಾಗೆ ಇಟ್ಟಿದ್ದರಲ್ಲಿ ಅರ್ಧದ ಬೆಲೆಯ ಉಡುಗೊರೆಯನ್ನು, ಸೂತಕ ಮುಗಿಯುವ ನಲವತ್ತೊಂಬತ್ತನೆಯ ದಿನ ಕಳೆದ ಮೇಲೆ ಸತ್ತವರ ಮನೆಯವರು ಹಿಂದಿರುಗಿಸುತ್ತಾರೆ. ಅಸ್ಥಿಯ ಕರಂಡ ನಾದಿನಿ ತೋಕಿಯೆಯ ಮನೆಯಲ್ಲಿ ಬಿಳಿ ಬಟ್ಟೆಯ ಮೇಲೆ ಕೂತಿತು. ಫುಸಾಕೊ ಏಳು ದಿನಕ್ಕೊಮ್ಮೆ ಅಲ್ಲಿಗೆ ಹೋಗಿ ಧೂಪ ಹಚ್ಚಿದಳು. ಎರಡನೆಯ ಬಾರಿ ಹೋದಾಗ ಮೆಲ್ಲಗೆ ಬಾಯಿಬಿಟ್ಟಳು.

"ಪಿಂಚಣಿ ಕಚೇರಿಗೆ ಒಂದ್ಸಲ ಹೋಗ್ಬೇಕಿತ್ತು, ತೋಕಿಯೆ."

"ಈಗಲಾ ಅತ್ತಿಗೆ?" ತೋಕಿಯೆ ಕರಂಡದ ಕಡೆ ನೋಡಿದಳು. "ಅಣ್ಣ ಇನ್ನೂ ಮನೇಲೇ ಇದಾನೆ. ಮಣ್ಣಿಗೆ ಹೋಗೋವರೆಗಾದ್ರೂ ದುಡ್ಡಿನ ಮಾತು ಬೇಡ. ಆಮೇಲೆ ನಾನೇ ಜೊತೆಗೆ ಬರ್ತೀನಿ."

ತೋಕಿಯೆಯನ್ನು ಶಪಿಸುವುದು ಸುಲಭ. ಆದರೆ ಆ ಓಣಿಯಲ್ಲಿ ಯಾರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು. ಫುಸಾಕೊಗೂ ಒಳಗೆ ಹಾಗೇ ಅನ್ನಿಸಿತ್ತು. ಕೇಳಿದ್ದಕ್ಕೇ ನಾಚಿ ಕಿವಿ ಕೆಂಪಾಯಿತು. ಎರಡು ವರ್ಷದಲ್ಲಿ ಇನ್ನೂ ಒಂದು ವರ್ಷ ಉಳಿದಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡಳು.

ನಲವತ್ತೊಂಬತ್ತನೆಯ ದಿನ ಅಸ್ಥಿಯನ್ನು ಗುಡ್ಡದ ಮೇಲಿನ ಸಮಾಧಿಯಲ್ಲಿಟ್ಟರು. ಮರುದಿನ ಫುಸಾಕೊ ಅಂಗಡಿಗೆ ರಜೆ ಹೇಳಿ, ಬಾಚಿ ಕಟ್ಟಿದ ತಲೆಗೆ ಇನ್ನೊಮ್ಮೆ ಬಾಚಣಿಗೆ ಆಡಿಸಿ ಪಿಂಚಣಿ ಕಚೇರಿಗೆ ಹೋದಳು. ತೋಕಿಯೆ ಬರುತ್ತೇನೆಂದರೂ ಬೇಡವೆಂದಳು.

ಕಿಟಕಿಯಲ್ಲಿದ್ದ ಹುಡುಗಿ ಒಪ್ಪಂದ ಓದಿ ತಲೆದೂಗಿದಳು. ಮುದ್ರೆ ಸರಿಯಿತ್ತು, ಪಾಲು ಸರಿಯಿತ್ತು. ಆಮೇಲೆ ಪರದೆ ನೋಡಿದವಳ ಮುಖ ಸಪ್ಪಗಾಯಿತು.

"ಅಮ್ಮ, ಇವರು ತೀರಿಕೊಂಡಿದಾರಲ್ಲ?"

"ಹೌದಮ್ಮ. ನಿನ್ನೆ ಕಾರ್ಯ ಎಲ್ಲ ಮುಗೀತು. ಅದಕ್ಕೇ ಇವತ್ತು ಬಂದೆ."

ಹುಡುಗಿ ಕುರ್ಚಿಯಿಂದ ಎದ್ದು ನಿಂತಳು. "ಎರಡು ವರ್ಷದ ಗಡುವು ಇಬ್ಬರೂ ಬದುಕಿದ್ರೆ ಮಾತ್ರ ಅಮ್ಮ. ಒಬ್ಬರು ಹೋದ್ರೆ, ಹೋದ ದಿನದಿಂದ ಒಂದೇ ತಿಂಗಳು. ಅಷ್ಟರೊಳಗೆ ಕೊಡಬೇಕಿತ್ತು."

"ಆಗ ಅಸ್ಥಿ ಇನ್ನೂ ಮನೇಲೇ ಇತ್ತಲ್ಲಮ್ಮ."

"ನಿಜ."

"ಅಷ್ಟು ಬೇಗ ಯಾರಾದ್ರೂ ಬರ್ತಾರಾ? ನೀನೇ ಹೇಳು. ನಿಮ್ಮಮ್ಮ ಆಗಿದ್ರೆ ಬರ್ತಿದ್ರಾ?"

ಹುಡುಗಿ ಒಪ್ಪಂದವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಒಳಗೆ ಹೋಗಿ ಮೇಲಧಿಕಾರಿಯನ್ನು ಕರೆತಂದಳು. ಅವನೂ ಅದನ್ನೇ ಇನ್ನಷ್ಟು ಮರ್ಯಾದೆಯಿಂದ ಹೇಳಿದ. ಇಬ್ಬರೂ ಸೊಂಟ ಬಗ್ಗಿಸಿ ಕ್ಷಮೆ ಕೇಳಿದರು. ಎದುರಿಗಿದ್ದವರು ಅಷ್ಟು ಬಗ್ಗಿದ ಮೇಲೆ ಕೂಗಾಡುವುದಾದರೂ ಹೇಗೆ? ಫುಸಾಕೊ ತಾನೂ ಬಗ್ಗಿ, ತೊಂದರೆ ಕೊಟ್ಟೆನೆಂದು ಹೇಳಿ ಹೊರಬಂದಳು. ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಅವಳೆದುರಿಗೇ ನಿಂತು ಹೋದವು. ಅಳು ಕೂಡ ಬರಲಿಲ್ಲ. ಅವನು ‘ಕೊಡು, ಕೊಡು’ ಎಂದು ಹಾಸಿಗೆಯಿಂದ ಹೇಳುತ್ತಿದ್ದುದೇ ಕಿವಿಯಲ್ಲಿತ್ತು.

ದಾರಿಯಲ್ಲಿ ಅಂಗಡಿಯ ಹಿಂಬಾಗಿಲಿಗೆ ಹೋಗಿ ಕಿಕುನೊಗೆ ಹೇಳಿದಳು. ಕಿಕುನೊ ಅನ್ನದ ಸೌಟು ಕೆಳಗಿಟ್ಟಳು.

"ಅಯ್ಯೋ ಅಕ್ಕಾ! ಬಿಡದೇ ಇದ್ದಿದ್ರೆ ವಿಧವೆ ಅಂತಾದ್ರೂ ಕೊಡ್ತಿದ್ರು. ಗಂಡನ್ನ ಬಿಟ್ಟು ಕೆಟ್ರಿ, ಬಿಟ್ಟ ಮೇಲೆ ಹೆಂಡತಿ ಹಾಗೆ ದುಃಖ ಆಚರಿಸಿ ಇನ್ನೂ ಕೆಟ್ರಿ." ಹೇಳಿದ ಮೇಲೆ ಅವಳೇ ಬಾಯಿ ಮುಚ್ಚಿಕೊಂಡಳು.

"ನಾಳೆ ಬರ್ತೀನಿ ಅಂತ ಯಜಮಾನರಿಗೆ ಹೇಳಿಬಿಡು," ಎಂದಳು ಫುಸಾಕೊ.

ಕೋಣೆಯ ಬಾಗಿಲಲ್ಲಿ ತೋಕಿಯೆ ಕಳಿಸಿದ ಪೆಟ್ಟಿಗೆ ಇತ್ತು. ಅವಳು ಅಂದು ಲಕೋಟೆಯಲ್ಲಿಟ್ಟಿದ್ದರ ಅರ್ಧದ ಬೆಲೆಗೆ ಊರಿನ ಗಿರಣಿಯ ಒಳ್ಳೆಯ ಟವೆಲ್ಲುಗಳು, ಬಿಳಿಯವು, ಜೋಡಿ. ತಾತ್ಸುಜಿಯ ಕಡೆಯಿಂದ ಅವಳ ಕೈಗೆ ಬಂದ ಅರ್ಧ ಅಷ್ಟೇ. ಸಂಜೆ ತೋಕಿಯೆ ಫೋನ್ ಮಾಡಿ, "ಎಲ್ಲ ಸರಿಹೋಯ್ತಾ ಅತ್ತಿಗೆ?" ಎಂದು ಕೇಳಿದಳು. "ಹ್ಞೂಂ, ಟವೆಲ್ ಬಂತು," ಎಂದಳು ಫುಸಾಕೊ.

ಮಾರನೆಯ ಬೆಳಗ್ಗೆ ಅದರಲ್ಲೊಂದನ್ನು ಊದಿದ ಮೊಣಕಾಲಿಗೆ ಬಿಗಿಯಾಗಿ ಸುತ್ತಿ ಕಟ್ಟಿಕೊಂಡು ಬಾಣಲೆಯ ಮುಂದೆ ನಿಂತಳು.