ಎರಡನೆಯ ಕೀ

ಬೆಳಿಗ್ಗೆ ಮಜ್ಜಿಗೆ ಮೆಣಸಿನಕಾಯಿಯನ್ನು ಬಿಸಿಲಿಗೆ ಹರವಿದೆ. ಬಿಚ್ಚಿಕೊಂಡಿದ್ದ ದಿಂಬಿನ ಚೀಲಕ್ಕೆ ನಾಲ್ಕು ಹೊಲಿಗೆ ಹಾಕಿದೆ. ಹಾಲಿನ ಪಾತ್ರೆ ಉಜ್ಜಿಟ್ಟು ಅಟ್ಟ ಗುಡಿಸಲು ಹತ್ತಿದೆ. ಮೂಲೆಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಗಂಟೊಂದಿತ್ತು, ಎತ್ತಲಾರದಷ್ಟು ಭಾರ. ಬಿಚ್ಚಿದರೆ ಗ್ರೀಸಿನ, ಸುಟ್ಟ ತಂತಿಯ ವಾಸನೆ... ನಮ್ಮ ಹಳೆಯ ಕಾರಿನ ಸೆಲ್ಫ್ ಮೋಟಾರು. ಕೀ ತಿರುಗಿಸಿದಾಗ ಎಂಜಿನ್ನನ್ನು ಎಬ್ಬಿಸುತ್ತಿದ್ದದ್ದು ಇದೇ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆಗ ನಾವು ಸಿದ್ಧಾರ್ಥನಗರದಲ್ಲಿದ್ದೆವು. ಕೀ ತಿರುಗಿಸಿದರೆ ಕಾರು ಬರೀ ಟಕ್ ಎನ್ನುತ್ತಿತ್ತು. ನಜರ್‌ಬಾದಿನಿಂದ ಬಂದು ನೋಡಿದ ಮೆಕ್ಯಾನಿಕ್ಕು ಸೆಲ್ಫ್ ಮೋಟಾರನ್ನೇ ಬದಲಿಸಬೇಕು ಅಂದರು. ನಮ್ಮ ಯಜಮಾನರಿಗೆ ನಂಬಿಕೆ ಬರಲಿಲ್ಲ. ಮರುದಿನ ಆಫೀಸಿಗೆ ಹೊರಡುವಾಗ, ಒಳ್ಳೆಯ ಮೋಟಾರನ್ನೇ ಬಿಚ್ಚಿಕೊಂಡು ಹೋದಾನು, ಒಂದು ಕಣ್ಣಿಟ್ಟಿರು ಅಂತ ಹೇಳಿಹೋದರು. ನಾನು ಎರಡೂ ಕಣ್ಣಿಟ್ಟೆ.

ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಎಡಗೈಯ ಎರಡು ಬೆರಳಿಗೆ ತುದಿಯಿರಲಿಲ್ಲ. ಎಲ್ಲೋ ಹೊಡೆದಾಟದಲ್ಲಿ ಕಳೆದುಕೊಂಡಿರಬೇಕು ಅಂದುಕೊಂಡೆ. ಬಂದವರೇ ಸ್ಟೀಲಿನ ವಾಚನ್ನು ಬಿಚ್ಚಿ ನಮ್ಮ ಕಿಟಕಿಯ ಮೇಲಿಟ್ಟರು. ಆಮೇಲೆ ಕಾಣೆಯಾಯಿತು ಅಂತ ತಕರಾರು ತೆಗೆಯಲಿಕ್ಕೇ ಇರಬೇಕು... ಕಾರಿನ ಕೀ ಕೇಳಿ ಇಸಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು.

"ಇನ್ನೊಂದು ಕೀ ಐತಾ ಅಮ್ಮಾ?"

ಇದ್ಯಾಕೆ ಬೇಕು ಇವರಿಗೆ? ಇಲ್ಲ ಅಂದುಬಿಟ್ಟೆ. ಅದು ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿತ್ತು. ಅವರು ನನ್ನ ಮುಖವನ್ನೊಮ್ಮೆ ನೋಡಿ ಬಾನೆಟ್ಟು ಎತ್ತಿ ಅದೇನೋ ಬಿಚ್ಚಿದರು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು, ಜಾಕಿ ಏರಿಸಿ ಪಕ್ಕದಲ್ಲಿ ಮರದ ದಿಮ್ಮಿಯನ್ನೂ ನಿಲ್ಲಿಸಿದರು. ಇಷ್ಟೆಲ್ಲ ನಾಟಕ ಯಾರಿಗೆ ತೋರಿಸಲಿಕ್ಕೆ ಅನ್ನಿಸಿತು.

ಹುಳಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಸದ್ದಿಲ್ಲ. ಗೇಟಿನ ಬಳಿ ಅವರ ಸೈಕಲ್ಲೂ ಇಲ್ಲ. ಟೀ ಕುಡಿಯಲು ಹೋಗಿದ್ದಾರೆ, ಇದೇ ಸಮಯ ಅಂತ ಡಬ್ಬಿಯಿಂದ ಕೀ ತೆಗೆದುಕೊಂಡು ಬಂದು ಕಾರಿನೊಳಗೆ ಕೂತೆ. ಟಕ್ ಅನ್ನದೆ ಮೋಟಾರು ತಿರುಗಿಬಿಟ್ಟರೆ ಕಳ್ಳತನ ಬಯಲಾಗುತ್ತದಲ್ಲ. ಕೀ ತಿರುಗಿಸಿದೆ. ಟಕ್ ಅನ್ನುವ ಸದ್ದೂ ಇಲ್ಲ. ಇದ್ದದ್ದನ್ನೂ ಕೆಡಿಸಿಟ್ಟಿದ್ದಾನೆ ಅಂದುಕೊಳ್ಳುತ್ತಿದ್ದಂತೆ ನನ್ನ ಕಾಲಿನ ಕೆಳಗಿಂದಲೇ ದನಿ ಬಂತು.

"ಕೀ ತೆಗೀರಿ ಅಮ್ಮಾ."

ಕೂಗಲಿಲ್ಲ. ಮೆಲ್ಲಗೆ ತೆವಳಿಕೊಂಡು ಹೊರಬಂದರು. ಸೈಕಲ್ಲು ಆಚೆಮನೆಯ ಹೊಂಗೆಮರದ ನೆರಳಿನಲ್ಲಿತ್ತು. ನನ್ನ ಕೈಯಲ್ಲಿದ್ದ ಕೀಯನ್ನು ನೋಡಿದರು.

"ಇನ್ನೊಂದು ಇಲ್ಲ ಅಂದ್ರಲ್ಲ, ನಾನು ನಂಬ್ಲಿಲ್ಲ ಬುಡಿ. ಅದಕ್ಕೇ ಮೊದಲು ಬ್ಯಾಟ್ರಿ ವೈರು ಕಳಚಿದ್ದು." ಬೆರಳ ತುದಿಯಿಲ್ಲದ ಕೈ ಎತ್ತಿದರು. "ಇದು ಇನ್ನೊಬ್ಬ ಯಜಮಾನ್ರು, ಸುಮ್ನೆ ನೋಡೋಣ ಅಂತ ಕೀ ತಿರುಗಿಸ್ದಾಗ ಆಗಿದ್ದು ಕಣಮ್ಮ."

ನೀರು ತಂದುಕೊಟ್ಟೆ. ಕುಡಿದು ಮತ್ತೆ ಕಾರಿನಡಿಗೆ ಹೋದರು. ಹೊಸದನ್ನು ಕೂರಿಸಿದ ಮೇಲೆ ಕಡೆಯಲ್ಲಿ ವೈರು ಸಿಕ್ಕಿಸಿ, ನನ್ನನ್ನೇ ಕರೆದು ಕೀ ತಿರುಗಿಸಿ ಅಂದರು. ಕಾರು ಒಂದೇ ಸಲಕ್ಕೆ ಎದ್ದಿತು. ಹಳೆಯ ಮೋಟಾರನ್ನು ಪೇಪರಿನಲ್ಲಿ ಸುತ್ತಿ ಬಾಗಿಲಲ್ಲಿಟ್ಟರು. ಬೇಕಾದವರಿಗೆ ತೋರಿಸಿ ಅಂದು, ವಾಚು ಕಟ್ಟಿಕೊಂಡು ಹೊರಟರು.

ಅಷ್ಟಾದ ಮೇಲೂ ತೋರಿಸಿದೆವು, ಅದನ್ನೂ ಬರೆಯಬೇಕು. ಬೇರೆ ಅಂಗಡಿಯವನು ಬಿಚ್ಚಿ ನೋಡಿ, ಒಳಗೆಲ್ಲ ಸುಟ್ಟುಹೋಗಿದೆ ಅಂದ.

ಮುಂದಿನ ವರ್ಷ ಯಾವುದೋ ರಿಪೇರಿಗೆ ಅವರೇ ಬಂದಾಗ, ಕೇಳುವ ಮೊದಲೇ ಎರಡೂ ಕೀ ಕೈಗಿಟ್ಟೆ. ಎರಡನ್ನೂ ಜೇಬಿಗೆ ಹಾಕಿಕೊಂಡು, ಬಾನೆಟ್ಟು ಎತ್ತಿ ಮೊದಲು ಬ್ಯಾಟರಿ ವೈರನ್ನೇ ಕಳಚಿದರು. ನನಗೆ ಒಳಗೊಳಗೇ ಸ್ವಲ್ಪ ಚುಚ್ಚಿತು. ಮೂರನೆಯ ಕೀ ಇಲ್ಲ ಅಂತ ಹೇಳಬೇಕೆನಿಸಿತು... ಹೇಳಲಿಲ್ಲ.

ಕಾರು ಮಾರಿ, ನಾವು ರಾಮಕೃಷ್ಣನಗರಕ್ಕೆ ಬಂದ ಮೇಲೆ ಒಮ್ಮೆ ನಜರ್‌ಬಾದಿನ ಕಡೆ ಹೋಗಿದ್ದೆ. ಅವರ ಗ್ಯಾರೇಜಿಗೆ ಬೀಗ ಬಿದ್ದಿತ್ತು. ಪಕ್ಕದ ಪಂಕ್ಚರ್ ಅಂಗಡಿಯವರು, ತೀರಿಕೊಂಡು ವರ್ಷವಾಯಿತಲ್ಲ, ನಿಮಗೆ ಗೊತ್ತಿಲ್ವಾ ಅಂದರು. ಗೊತ್ತಿರಲಿಲ್ಲ. ಅವತ್ತು ಹೇಳದೇ ಹೋದ, ತಪ್ಪಾಯಿತು ಅನ್ನುವ ಮಾತು ನನ್ನಲ್ಲೇ ಉಳಿಯಿತು.

ಇವತ್ತು ಮೋಟಾರನ್ನು ಹೊಸ ಪೇಪರಿನಲ್ಲಿ ಸುತ್ತಿ ಅಲ್ಲಿಯೇ ಇಟ್ಟು ಇಳಿದೆ. ಗುಜರಿಗೆ ಹಾಕಬಾರದೇ ಅಂದರು ಇವರು. ಮಧ್ಯಾಹ್ನಕ್ಕೆ ಅನ್ನ, ಸೊಪ್ಪಿನ ಹುಳಿ, ಬೆಳಿಗ್ಗೆ ಒಣಗಲಿಟ್ಟ ಮೆಣಸಿನಕಾಯಿಯಲ್ಲೇ ಎರಡನ್ನು ಕರಿದಿದ್ದೆ, ಇನ್ನೂ ಹಸಿಯಾಗಿದ್ದವು. ಉಂಡು ಇವರು ಮೊದಲು ಮಲಗಿದರು.